ಎದೆಹಾಲು ಕುಡಿಸಲು ಮುಜುಗರ, ಮೊದಲಿಂದಲೇ ಪೌಡರ್ ಹಾಲು ಕೊಟ್ಟರೆ ತಪ್ಪಾ?

ವಯಸ್ಸು 24, ಈಗ ಏಳು ತಿಂಗಳ ಬಸುರಿ, ಎದೆಹಾಲು ಕುಡಿಸುವುದನ್ನು ನೆನೆಸಿಕೊಂಡರೇ ಮುಜುಗರ ಎಂದು ಬರೆದಿದ್ದೀರಿ. ನನಗೂ ಹಾಗೇ ಇತ್ತು. ಬಸ್ಸಿನಲ್ಲಿ ಯಾರಾದರೂ ಸೆರಗು ಮುಚ್ಚಿಕೊಂಡು ಕುಡಿಸುತ್ತಿದ್ದರೆ ನಾನೇ ಕಿಟಕಿ ಕಡೆ ತಿರುಗುತ್ತಿದ್ದೆ.

ಹೆರಿಗೆಯಾದ ಮೇಲೆ ಮುಜುಗರ ಎರಡೇ ದಿನಕ್ಕೆ ಹೋಯಿತು. ಉಳಿದದ್ದು ನೋವು, ಜೊತೆಗೆ ಹಾಲು ಸಾಲುತ್ತಿಲ್ಲ ಅನ್ನುವ ಭಯ. ಮೂರನೇ ರಾತ್ರಿ ಮಗು ಒಂದೇ ಸಮ ಅಳು. ನನ್ನ ತೊಟ್ಟು ಒಡೆದು ರಕ್ತ. ಅತ್ತೆ ಡಬ್ಬಿ ಹಾಲು ತರಿಸೋಣ ಅಂದರು, ಅಮ್ಮ ಇನ್ನಷ್ಟು ಸಬ್ಬಸಿಗೆ ಸೊಪ್ಪು ತಿನ್ನು ಅಂದರು. ಕೊನೆಗೆ ರಾತ್ರಿ ಪಾಳಿಯ ನರ್ಸ್ ಬಂದು ನೋಡಿ, "ಬರೀ ತೊಟ್ಟು ಕೊಡ್ತಿದ್ದೀಯಲ್ಲಮ್ಮ, ಸುತ್ತಲಿನ ಕಪ್ಪು ಭಾಗಾನೂ ಬಾಯೊಳಗೆ ಹೋಗ್ಬೇಕು" ಅಂದರು. ಮಗುವಿನ ಗದ್ದ ಎದೆಗೆ ತಾಗಿಸಿ ಕಾದರು. ಬಾಯಿ ಅಗಲವಾಗಿ ತೆರೆದ ಕೂಡಲೇ ಮಗುವನ್ನು ಹತ್ತಿರಕ್ಕೆ ಒತ್ತಿ ಹಿಡಿದರು. ಗುಟುಕು ನುಂಗುವ ಸದ್ದು ಕೇಳಿಸಿತು. ಒಂಬತ್ತು ತಿಂಗಳಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ!

ಮೊದಲೆರಡು ದಿನ ಹಳದಿ ಗಟ್ಟಿ ಹಾಲು ಬರುವುದೇ ಸ್ವಲ್ಪ. ಅದನ್ನು ಹಿಂಡಿ ಚೆಲ್ಲಬೇಡಿ, ಮಗುವಿಗೆ ಅಷ್ಟೇ ಸಾಕು. ಐದನೇ ದಿನದಿಂದ ಉಚ್ಚೆ ಬಟ್ಟೆ ಎಣಿಸಿ. ದಿನಕ್ಕೆ ಆರಾದರೂ ಒದ್ದೆಯಾಗುತ್ತಿದ್ದರೆ ಹಾಲು ಸಾಲುತ್ತಿದೆ ಅಂತಲೇ.

ಈಗಿನ ಹುಡುಗಿಯರಿಗೆ ಹಾಲು ಕುಡಿಸುವ ಮನಸ್ಸಿಲ್ಲ, ಫಿಗರ್ ಚಿಂತೆ ಅನ್ನುವವರಿಗೆ ಒಂದು ಲೆಕ್ಕ. ನಮ್ಮ ದೇಶದಲ್ಲಿ ಆರು ತಿಂಗಳೊಳಗೆ ಬರೀ ಎದೆಹಾಲು ಕುಡಿಯುವ ಮಕ್ಕಳು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 54.9, 2019-21ರಲ್ಲಿ ಶೇ. 63.7. ಜಾಸ್ತಿಯೇ ಆಗಿದೆ, ಅಲ್ವಾ? ಅಡ್ಡಿ ಇರುವುದು ಬೇರೆ ಕಡೆ. ಕಾನೂನಿನಲ್ಲಿ ಹೆರಿಗೆ ರಜೆ 26 ವಾರ. ಅದರಲ್ಲಿ ಎಂಟು ವಾರ ಹೆರಿಗೆಗೆ ಮೊದಲೇ ತೆಗೆದುಕೊಂಡರೆ ಆಮೇಲೆ ಉಳಿಯುವುದು 18. ಮಗುವಿಗೆ ಇನ್ನೂ ಆರು ತಿಂಗಳು ತುಂಬಿರುವುದಿಲ್ಲ. ನಾನು ಆಫೀಸಿನಲ್ಲಿ ಹಳೇ ಪ್ರಿಂಟರ್ ಇಟ್ಟಿದ್ದ ಕೋಣೆಯಲ್ಲಿ, ಚಿಲಕ ಇಲ್ಲದ ಬಾಗಿಲಿಗೆ ಕುರ್ಚಿ ಒತ್ತರಿಸಿ ಎದೆಹಾಲು ಪಂಪ್ ಮಾಡಿ ತೆಗೆಯುತ್ತಿದ್ದೆ.

ಪೌಡರ್ ಹಾಲು ಪಾಪವಲ್ಲ. ನನ್ನ ತಂಗಿ ಡಾಕ್ಟರ್ ಹೇಳಿದ್ದಕ್ಕೆ ಅದನ್ನೇ ಕೊಟ್ಟಳು, ಮಗು ಚೆನ್ನಾಗಿದೆ. ನನ್ನ ತಕರಾರು "ಮೊದಲಿಂದಲೇ" ಅನ್ನುವುದಕ್ಕೆ ಮಾತ್ರ. ಮಗು ಎಳೆದಷ್ಟೂ ಹಾಲು ಬರುತ್ತದೆ, ಎಳೆಯದಿದ್ದರೆ ಬತ್ತುತ್ತದೆ. ಎದೆಹಾಲಿನಿಂದ ಡಬ್ಬಿಗೆ ಯಾವತ್ತು ಬೇಕಾದರೂ ಹೋಗಬಹುದು, ವಾಪಸ್ ಬರುವುದು ಕಷ್ಟ. ಡಬ್ಬಿಯೇ ಆದರೆ ಕುದಿಸಿದ ನೀರು, ಅಳತೆ ಚಮಚ ತಪ್ಪಬೇಡಿ. ಡಬ್ಬಿ ನಾಲ್ಕು ದಿನ ಜಾಸ್ತಿ ಬರಲಿ ಅಂತ ತೆಳ್ಳಗೆ ಕಲಸಬೇಡಿ.

ಮುಂದಿನ ಚೆಕಪ್‌ನಲ್ಲಿ, ಹೆರಿಗೆಯಾದ ಮೇಲೆ ಹಾಲು ಕುಡಿಸಲು ಯಾರು ಹೇಳಿಕೊಡುತ್ತಾರೆ ಎಂದು ಕೇಳಿಟ್ಟುಕೊಳ್ಳಿ. ಮುಂದೆ ಗುಂಡಿ ಇರುವ ನೈಟಿ ನಾಲ್ಕಾದರೂ ತೆಗೆದಿಡಿ. ನಾನು ಎರಡೇ ಇಟ್ಟುಕೊಂಡು ಒದ್ದಾಡಿದೆ.