ಚಿಕ್ಕ ಕೈಗೆ ಬೇಕಿರುವುದು ಚಿಕ್ಕ ಪಿಸ್ತೂಲಲ್ಲ

ಪ್ರಶ್ನೆ: ಮಗಳಿಗೆ ಹದಿಮೂರು ವರ್ಷ. ಆರು ತಿಂಗಳಿಂದ 10 ಮೀಟರ್ ಏರ್ ಪಿಸ್ತೂಲ್ ಕಲಿಯುತ್ತಿದ್ದಾಳೆ, ಬಲಗೈಯವಳು. ಕ್ಲಬ್ಬಿನ ಪಿಸ್ತೂಲು ಹಿಡಿದರೆ ಅರ್ಧ ಗಂಟೆಯಲ್ಲೇ ಮಣಿಕಟ್ಟು ನೋಯುತ್ತದಂತೆ. ಪೆಲೆಟ್‌ಗಳೆಲ್ಲ (ಸೀಸದ ಪುಟ್ಟ ಗುಂಡುಗಳು) ಎಡಕ್ಕೆ, ಕೆಳಗೆ ಬೀಳುತ್ತವೆ. ಹಗುರವಾದ ಪುಟ್ಟ ಪಿಸ್ತೂಲು ಯಾವುದು ಕೊಡಿಸಲಿ? (ದಾವಣಗೆರೆಯಿಂದ ಒಬ್ಬ ತಂದೆ)

ಉತ್ತರ: ಸದ್ಯಕ್ಕೆ ಯಾವುದನ್ನೂ ಕೊಡಿಸಬೇಡಿ. ಊರು ಬದಲಾದರೂ ಈ ಪ್ರಶ್ನೆ ಬದಲಾಗುವುದಿಲ್ಲ, ವಾರಕ್ಕೊಮ್ಮೆ ಬರುತ್ತಲೇ ಇರುತ್ತದೆ. ಕೇಳುವವರೆಲ್ಲ ನೋಡುವುದು ಪಿಸ್ತೂಲನ್ನು, ಕೈಯನ್ನು ನೋಡುವವರಿಲ್ಲ. ನೀವು ಹೇಳಿದ ಎರಡೂ ಲಕ್ಷಣಗಳಿಗೆ ಮೊದಲ ಅನುಮಾನ ಗ್ರಿಪ್ಪಿನ, ಅಂದರೆ ಹಿಡಿಕೆಯ, ಮೇಲೆ. ಕ್ಲಬ್ಬುಗಳಲ್ಲಿ ಎಲ್ಲರಿಗೂ ಆಗಲಿ ಎಂದು ಮೀಡಿಯಂ ಇಲ್ಲವೇ ಲಾರ್ಜ್ ಗ್ರಿಪ್ ಹಾಕಿಟ್ಟಿರುತ್ತಾರೆ. ಚಿಕ್ಕ ಕೈ ಅದನ್ನು ತುಂಬುವುದಿಲ್ಲ. ಪಿಸ್ತೂಲು ಜಾರೀತೆಂದು ಮಗು ಹೆಬ್ಬೆರಳು, ಕಿರುಬೆರಳು ಎರಡರಿಂದಲೂ ಹಿಂಡಿ ಹಿಡಿಯುತ್ತದೆ. ಮಣಿಕಟ್ಟು ನೋಯುವುದು ಅದಕ್ಕೆ. ಟ್ರಿಗರ್‌ಗೆ ಬೆರಳಿನ ತುದಿ ಮಾತ್ರ ಎಟುಕುವುದರಿಂದ ಒತ್ತಡ ನೇರ ಹಿಂದಕ್ಕೆ ಬರದೆ ಪಕ್ಕಕ್ಕೆ ತಳ್ಳುತ್ತದೆ. ಅದರ ಜೊತೆಗೆ ಇಡೀ ಮುಷ್ಟಿ ಬಿಗಿಯಾದಾಗ ಬಲಗೈಯವರ ಪೆಲೆಟ್ ಎಡಕ್ಕೆ, ಕೆಳಗೆ ಹೋಗುತ್ತದೆ.

ಪುಟ್ಟ ಪಿಸ್ತೂಲು ಕೊಟ್ಟರೆ ಏನಾಗುತ್ತದೆ, ಲೆಕ್ಕ ಹಾಕಿ ನೋಡಿ. ಮ್ಯಾಚ್ ಪಿಸ್ತೂಲಿನಲ್ಲಿ, ಅಂದರೆ ಸ್ಪರ್ಧೆಯ ಪಿಸ್ತೂಲಿನಲ್ಲಿ, ಹಿಂದಿನ ಸೈಟಿನಿಂದ (ಗುರಿ ನೋಡುವ ಕಚ್ಚು) ಮುಂದಿನ ಸೈಟಿಗೆ (ಗುರಿ ನೋಡುವ ಕಡ್ಡಿ) ಸುಮಾರು 340 ಮಿಲಿಮೀಟರ್ ಇದೆ ಎಂದಿಟ್ಟುಕೊಳ್ಳಿ. ಎರಡು ಸೈಟುಗಳ ಹೊಂದಾಣಿಕೆಯಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ತಪ್ಪಿದರೆ 10 ಮೀಟರ್ ದೂರದ ಟಾರ್ಗೆಟ್‌ನಲ್ಲಿ ಪೆಲೆಟ್ ಮೂರು ಮಿಲಿಮೀಟರ್ ಸರಿಯುತ್ತದೆ. ಸೈಟುಗಳ ನಡುವೆ 200 ಮಿಲಿಮೀಟರ್ ಮಾತ್ರ ಇರುವ ಪುಟ್ಟ ಪಿಸ್ತೂಲಿನಲ್ಲಿ ಅದೇ ತಪ್ಪಿಗೆ ಐದು ಮಿಲಿಮೀಟರ್. ಟಾರ್ಗೆಟ್ ನಡುವಿನ, ಹತ್ತು ಅಂಕದ ವೃತ್ತದ ಅಗಲವೇ 11.5 ಮಿಲಿಮೀಟರ್, ಅಲ್ಲಿಂದ ಹೊರಗೆ ಒಂದೊಂದು ಗೆರೆಗೂ 8 ಮಿಲಿಮೀಟರ್ ಅಂತರ. ಕೈ ನಡುಗಿ ಇಡೀ ಪಿಸ್ತೂಲು ಐದು ಮಿಲಿಮೀಟರ್ ಅತ್ತಿತ್ತ ಸರಿದರೆ ಪೆಲೆಟ್ಟೂ ಅಷ್ಟೇ ಸರಿಯುತ್ತದೆ, ಅದು ದೊಡ್ಡ ನಷ್ಟವಲ್ಲ. ಸೈಟು ಓರೆಯಾದರೆ ಮಾತ್ರ ತಪ್ಪು ಬೆಳೆಯುತ್ತಾ ಹೋಗುತ್ತದೆ. ತೂಕದ ಕಥೆಯೂ ಹೀಗೇ. ತೀರಾ ಹಗುರವಾದ ಪಿಸ್ತೂಲು ಬೆರಳಿನ ಪ್ರತಿ ಅಲುಗಾಟಕ್ಕೂ ಕುಣಿಯುತ್ತದೆ.

ಹಾಗಾದರೆ ಮಾಡುವುದೇನು? ಮೊದಲು ಸ್ಮಾಲ್ ಗ್ರಿಪ್ ತರಿಸಿ. ಎಕ್ಸ್‌ಟ್ರಾ ಸ್ಮಾಲ್ ಕೂಡ ಸಿಗುತ್ತದೆ. ಕೈಯನ್ನು ಕಾಗದದ ಮೇಲಿಟ್ಟು ಪೆನ್ಸಿಲ್ಲಿನಲ್ಲಿ ಸುತ್ತ ಗೆರೆ ಎಳೆಯಿರಿ, ನಾಲ್ಕು ಬೆರಳುಗಳ ಬುಡದ ಗೆಣ್ಣಿನ ಅಗಲ ಅಳೆಯಿರಿ, ಗ್ರಿಪ್ ಮಾಡಿದ ಕಂಪನಿಯ ಅಳತೆಪಟ್ಟಿಗೇ ಹೋಲಿಸಿ. ಒಬ್ಬರ ಸ್ಮಾಲ್ ಇನ್ನೊಬ್ಬರ ಸ್ಮಾಲ್ ಅಲ್ಲ, ಚಪ್ಪಲಿಯ ಹಾಗೆ.

ಗ್ರಿಪ್ ಬಂದ ಮೇಲೆ ಪರೀಕ್ಷೆ. ಪಿಸ್ತೂಲು ಖಾಲಿ ಇದೆಯೆಂದು ನೋಡಿ, ಬ್ಯಾರೆಲ್ ಖಾಲಿಯೆಂದು ತೋರಿಸುವ ಸೇಫ್ಟಿ ಫ್ಲಾಗ್ ಹಾಕಿ. ಹೆಬ್ಬೆರಳು, ತೋರುಬೆರಳಿನ ನಡುವಿನ ಕವಲು ಗ್ರಿಪ್ಪಿನ ಮೇಲ್ತುದಿಗೆ ಒತ್ತಿ ಕೂರಬೇಕು. ಅಲ್ಲಿ ಸಂದು ಉಳಿದರೆ ಮಿಕ್ಕಿದ್ದೆಲ್ಲ ವ್ಯರ್ಥ. ಕಣ್ಣು ಮುಚ್ಚಿ ಕೈ ಎತ್ತಿ, ಎರಡು ಸಲ ಉಸಿರಾಡಿ, ಕಣ್ಣು ಬಿಡಲಿ. ಮುಂದಿನ ಸೈಟು ಹಿಂದಿನ ಸೈಟಿನ ಕಚ್ಚಿನ ನಡುವೆ, ಎರಡೂ ಪಕ್ಕ ಸಮ ಬೆಳಕು ಬಿಟ್ಟು ನಿಂತಿರಬೇಕು. ಪ್ರತಿ ಸಲವೂ ಒಂದೇ ಕಡೆ ವಾಲುತ್ತಿದ್ದರೆ ಮಣಿಕಟ್ಟು ತಿರುಗಿಸಿ ಸರಿಮಾಡಲು ಮಗುವಿಗೆ ಹೇಳಬೇಡಿ. ಹೆಚ್ಚಿನ ಮ್ಯಾಚ್ ಪಿಸ್ತೂಲುಗಳಲ್ಲಿ ಗ್ರಿಪ್ಪಿನ ಬೋಲ್ಟ್ ಸಡಿಲಿಸಿ ಕೋನ ಬದಲಿಸಬಹುದು. ಬದಲಿಸುವುದು ಅದನ್ನೇ.

ಟ್ರಿಗರ್ ಮೇಲೆ ಬೆರಳಿನ ಮೊದಲ ಗೆಣ್ಣಿನ ಮೆತ್ತೆಯ ನಡುಭಾಗ ಕೂರುವಂತೆ ಟ್ರಿಗರ್ ಬ್ಲೇಡನ್ನು ಹಿಂದೆ ಮುಂದೆ ಸರಿಸಿ. ಬೆರಳಿನ ಬುಡ ಗ್ರಿಪ್ಪಿನ ಮರಕ್ಕೆ ತಾಗಬಾರದು. ಸಂದಿನಲ್ಲಿ ಒಂದು ಪೋಸ್ಟ್ ಕಾರ್ಡ್ ಸಲೀಸಾಗಿ ಹೋಗಿ ಬರಬೇಕು. ಟ್ರಿಗರ್ ತೂಕ, ಅಂದರೆ ಅದನ್ನು ಎಳೆಯಲು ಬೇಕಾದ ಬಲ, 500 ಗ್ರಾಂಗಿಂತ ಕಡಿಮೆಯಿದ್ದರೆ ಸ್ಪರ್ಧೆಯ ತಪಾಸಣೆಯಲ್ಲಿ ಫೇಲ್. ಮಕ್ಕಳಿಗೆ 510, 520ಕ್ಕೆ ಇಟ್ಟು, ಅದರಲ್ಲಿ ಬಹುಪಾಲನ್ನು ಮೊದಲ ಹಂತಕ್ಕೆ (ಪೆಲೆಟ್ ಹಾರುವ ಮುನ್ನ ಟ್ರಿಗರ್ ಸ್ವಲ್ಪ ಸರಿದು ತಡೆದು ನಿಲ್ಲುವವರೆಗಿನ ಎಳೆತಕ್ಕೆ) ಕೊಡಿ.

ಅಂಗೈ ಕೆಳಗಿನ ಹಲಗೆಯನ್ನು, ಅಂದರೆ ಪಾಮ್ ಶೆಲ್ಫನ್ನು, ಬಿಗಿಯಾಗಿ ಒತ್ತಿ ಕೂರಿಸುವುದು ಎಲ್ಲರೂ ಮಾಡುವ ತಪ್ಪು. ಅರವತ್ತು ಹೊಡೆತ, 75 ನಿಮಿಷದ ಸ್ಪರ್ಧೆಯಲ್ಲಿ ಕೈ ಸ್ವಲ್ಪ ಊದುತ್ತದೆ. ಬೆಳಿಗ್ಗೆ ಸರಿಯಿದ್ದ ಶೆಲ್ಫ್ ನಲವತ್ತನೇ ಹೊಡೆತಕ್ಕೆ ಅಂಗೈ ಕಚ್ಚುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಎರಡು ಪದರ ರಟ್ಟಿನಷ್ಟು ಜಾಗ ಬಿಡಿ.

ಇಷ್ಟಾದ ಮೇಲೂ ಎಲ್ಲೋ ಚುಚ್ಚುತ್ತಿದ್ದರೆ ಅಂಗೈಗೆ ತೆಳುವಾಗಿ ಲಿಪ್‌ಸ್ಟಿಕ್ ಸವರಿ ಗ್ರಿಪ್ ಹಿಡಿಸಿ. ಮರದ ಮೇಲೆ ಕೆಂಪು ದಟ್ಟವಾಗಿ ಹತ್ತಿದ ಕಡೆ ಒತ್ತಡ ಹೆಚ್ಚು, ಏನೂ ಹತ್ತದ ಕಡೆ ಟೊಳ್ಳು. ದಟ್ಟವಾದಲ್ಲಿ ಅರ ಹಾಕಿ, ಒಂದು ಸಲಕ್ಕೆ ಅರ್ಧ ಮಿಲಿಮೀಟರ್ ಮೀರದಂತೆ. ಟೊಳ್ಳಿದ್ದಲ್ಲಿ ಎಂ-ಸೀಲ್ ಮೆತ್ತಿ, ಕೈಗೆ ತೆಳ್ಳಗಿನ ಪ್ಲಾಸ್ಟಿಕ್ ಚೀಲ ಹಾಕಿ ಅದು ಹಸಿಯಿರುವಾಗಲೇ ಒಮ್ಮೆ ಹಿಡಿದು ಅಚ್ಚು ತೆಗೆಯಿರಿ. ಒಣಗಿದ ಮೇಲೆ ಮರಳು ಕಾಗದ. ಗ್ರಿಪ್ಪಿನ ಯಾವ ಭಾಗವೂ ಕೈಯನ್ನು ಸುತ್ತುವರಿಯಬಾರದು, ಮಣಿಕಟ್ಟಿಗೆ ಆಸರೆ ಕೊಡಬಾರದು. ಇದು ನಿಯಮ. ಕೆಲವು ರೇಂಜುಗಳ ಸುತ್ತ 'ಗ್ರಿಪ್ ಸ್ಪೆಷಲಿಸ್ಟ್'ಗಳಿದ್ದಾರೆ. ಮಗುವಿನ ಕೈಯನ್ನೇ ನೋಡದೆ, ಫೋಟೋ ನೋಡಿ ಅರ ಹಾಕಿ ಕೊಡುತ್ತಾರೆ. ಹೋದ ಮರ ವಾಪಸ್ ಬರುವುದಿಲ್ಲ, ಕೊಟ್ಟ ದುಡ್ಡೂ ಅಷ್ಟೇ.

ಇಷ್ಟೆಲ್ಲ ಮಾಡಿ ಎರಡು ತಿಂಗಳಾದ ಮೇಲೂ ತೋಳು ಸೋಲುತ್ತಿದ್ದರೆ ಆಗ ಹೊಸ ಪಿಸ್ತೂಲಿನ ಮಾತಾಡೋಣ. ಮೊರಿನಿ, ಸ್ಟೈಯರ್‌ನಂಥ ಕಂಪನಿಗಳು ಮ್ಯಾಚ್ ಪಿಸ್ತೂಲನ್ನೇ ಷಾರ್ಟ್ ಅಥವಾ ಕಾಂಪ್ಯಾಕ್ಟ್ ಎಂದು ಸ್ವಲ್ಪ ಮೊಟಕು ಮಾಡಿ ಕೊಡುತ್ತವೆ. ಮೂತಿಯ ಕಡೆಯ ಭಾರ ಕಡಿಮೆ, ಟ್ರಿಗರ್ ಮಾತ್ರ ಅದೇ ದರ್ಜೆಯದು. ಚಿಕ್ಕದು ಎಂದರೆ ಅಂಥದ್ದು. ಬೆಲೆ ಲಕ್ಷದ ಮೇಲೆ.

ಸ್ಪ್ರಿಂಗ್ ಪಿಸ್ತೂಲು ಅಗ್ಗ ನಿಜ. ಅದರ ಒಳಗಿನ ಪಿಸ್ಟನ್ ಪೆಲೆಟ್ ಬ್ಯಾರೆಲ್ ಬಿಡುವ ಮೊದಲೇ ಧಡಕ್ಕೆಂದು ಓಡುತ್ತದೆ. ಕಲಿಯುವ ಕೈಗೆ ತಪ್ಪು ತನ್ನದೋ ಪಿಸ್ತೂಲಿನದೋ ಗೊತ್ತೇ ಆಗುವುದಿಲ್ಲ. ಅರವತ್ತು ಸಲ ಅದನ್ನು ಮಡಚಿ ಸ್ಪ್ರಿಂಗ್ ಬಿಗಿ ಮಾಡುವುದರಲ್ಲೇ ಹದಿಮೂರರ ತೋಳು ಸುಸ್ತು.

ಮಣಿಕಟ್ಟಿಗೆ ಮರಳು ಚೀಲ ಕಟ್ಟಿಸುವ, ಬ್ಯಾರೆಲ್ಲಿಗೆ ಭಾರ ತೂಗುಹಾಕುವ ಕೋಚ್ ಇದ್ದರೆ ಕೋಚ್ ಬದಲಿಸಿ. ಬೆಳೆಯುವ ಮಕ್ಕಳ ಕೀಲು ಅದಕ್ಕಲ್ಲ. ಒಂದು ಲೀಟರ್ ಬಾಟಲಿಗೆ ಅರ್ಧ ನೀರು ತುಂಬಿಸಿ ತೋಳು ಚಾಚಿ ಹತ್ತು ಸೆಕೆಂಡ್, ನಂತರ ಅರ್ಧ ನಿಮಿಷ ವಿಶ್ರಾಂತಿ, ಹೀಗೆ ಹದಿನೈದು ಸಲ. ನೋವು ಬಂದರೆ ಅಲ್ಲಿಗೆ ನಿಲ್ಲಿಸಿ. ಗ್ರಿಪ್ ಬದಲಿಸಿ ಮೂರು ವಾರವಾದರೂ ಮಣಿಕಟ್ಟಿನ ನೋವು ಹೋಗದಿದ್ದರೆ ಮೂಳೆ ಡಾಕ್ಟರನ್ನು ಕಾಣಿ, ಎಣ್ಣೆ ತಿಕ್ಕುವವರನ್ನಲ್ಲ.

ಪ್ರಶ್ನೆ: ಎಲೆಕ್ಟ್ರಾನಿಕ್ ಟ್ರಿಗರ್ ಒಳ್ಳೆಯದೋ, ಮೆಕ್ಯಾನಿಕಲ್ಲೋ? (ಮೈಸೂರು)

ಉತ್ತರ: ರಿಪೇರಿ ಮಾಡುವವರು ಹತ್ತಿರ ಇಲ್ಲದ ಊರಿನಲ್ಲಿ ಮೆಕ್ಯಾನಿಕಲ್. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟಾಗ ಎಷ್ಟು ಹೊತ್ತು ಹೋಯಿತೆಂದು ದೇಶವೇ ನೋಡಿದೆ. ಅವರ ಬಳಿ ಬದಲಿ ಪಿಸ್ತೂಲೂ ಇತ್ತು, ಸರಿಮಾಡುವವರೂ ಇದ್ದರು.

ಪ್ರಶ್ನೆ: ಲೇಸರ್ ಹಾಕಿ ಅಭ್ಯಾಸ ಮಾಡಬಹುದೇ?

ಉತ್ತರ: ಸ್ಪರ್ಧೆಯಲ್ಲಿ ಬಿಡುವುದಿಲ್ಲ. ಮತ್ತೇಕೆ?

ಪ್ರಶ್ನೆ: ಲೈಸೆನ್ಸ್ ಇದೆ. ಜೇಬಿಗೆ ಹಿಡಿಸುವ, ಒದೆಯದ, ಗುರಿ ತಪ್ಪದ .32 ರಿವಾಲ್ವರ್ ಹೇಳಿ. (ಹುಬ್ಬಳ್ಳಿ)

ಉತ್ತರ: ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ. ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ 2014ರಲ್ಲಿ ಹೆಂಗಸರಿಗೆಂದು ತಂದ 'ನಿರ್ಭೀಕ್' ಸುಮಾರು ಅರ್ಧ ಕೆ.ಜಿ. ಅದೇ ಗುಂಡಿಗೆ ರಿವಾಲ್ವರ್ ಹಗುರವಾದಷ್ಟೂ ಒದೆತ ಜಾಸ್ತಿ. ಇದು ಭೌತಶಾಸ್ತ್ರ, ಅಂಗಡಿಯವರು ಹೇಳುವುದಿಲ್ಲ.

ಪ್ರಶ್ನೆ: ದುಬೈನಲ್ಲಿರುವ ಭಾವ ಬರುವಾಗ ಏರ್ ಪಿಸ್ತೂಲು ತರಬಹುದೇ? ಲೈಸೆನ್ಸ್ ಬೇಡವಂತಲ್ಲ?

ಉತ್ತರ: ಪೆಲೆಟ್ ಹೊರಡುವ ಶಕ್ತಿ 20 ಜೌಲ್ ಒಳಗಿರುವ, 4.5 ಮಿಲಿಮೀಟರ್ (.177) ಬೋರಿನ ಏರ್ ಪಿಸ್ತೂಲು ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಹೊರದೇಶದಿಂದ ತರುವುದು ಬೇರೆಯೇ ವಿಷಯ. ಮೊದಲು ರಾಜ್ಯ ರೈಫಲ್ ಅಸೋಸಿಯೇಷನ್‌ನಲ್ಲಿ ವಿಚಾರಿಸಿ, ಆಮೇಲೆ ಭಾವನಿಗೆ ಫೋನ್ ಮಾಡಿ.

ಪ್ರಶ್ನೆ: ಮಗನ ಏರ್ ಪಿಸ್ತೂಲಿನ ಸಿಲಿಂಡರಿಗೆ ಗಾಳಿ ತುಂಬಿಸುವ ಕಂಪ್ರೆಸರ್ ದೂರವಿದೆ. ಪರಿಚಯದ ನರ್ಸಿಂಗ್ ಹೋಮಿನ ಆಕ್ಸಿಜನ್ ಸಿಲಿಂಡರಿನಿಂದ ತುಂಬಿಸಿಕೊಳ್ಳಿ ಎಂದು ಒಬ್ಬರು ಹೇಳಿದರು.

ಉತ್ತರ: ಅವರ ಜೊತೆ ಇನ್ನು ಮಾತಾಡಬೇಡಿ. ಒತ್ತಡದ ಆಕ್ಸಿಜನ್‌ಗೆ ಸೀಲಿನ ಒಂದು ತೊಟ್ಟು ಗ್ರೀಸ್ ತಾಗಿದರೂ ಬೆಂಕಿ ಹತ್ತುತ್ತದೆ, ಸಿಲಿಂಡರ್ ನಿಮ್ಮ ಮಗನ ಮುಖದ ಮುಂದೆಯೇ ಸಿಡಿಯುತ್ತದೆ. ತುಂಬಿಸಬೇಕಾದದ್ದು ತೇವವಿಲ್ಲದ ಗಾಳಿ ಮಾತ್ರ, ಅದೂ ಸಾಮಾನ್ಯವಾಗಿ 200 ಬಾರ್ ಒತ್ತಡ ಮೀರದಂತೆ. ಹಾಗೆಯೇ ಪಿಸ್ತೂಲಿನ ಸಿಲಿಂಡರಿನ ಮೇಲೆ ಕೆತ್ತಿರುವ ದಿನಾಂಕ ನೋಡಿ. ಹತ್ತು ವರ್ಷ ದಾಟಿದ್ದರೆ ಗಾಳಿಯನ್ನೂ ತುಂಬಿಸಬೇಡಿ.