ಮೊದಲು ಮಸಿಬಟ್ಟೆ ಹೆಣೆಯಿರಿ, ಸ್ವೆಟರ್ ಆಮೇಲೆ

ನವೆಂಬರ್ ಹತ್ತಿರ ಬಂತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ‘ಹೆಣಿಗೆ ಕಲಿಯಬೇಕು, ಮೊದಲು ಏನು ಹೆಣೆಯಲಿ?’ ಪ್ರತಿ ವರ್ಷ ಹೇಳಿದ್ದನ್ನೇ ಹೇಳುತ್ತೇನೆ. ಪ್ರತಿ ವರ್ಷವೂ ಯಾರೋ ಕಪ್ಪು ಉಲ್ಲನ್ ತಂದು, ಕೈಬಿಟ್ಟು, ‘ನನಗೆ ಇದು ಬರೋದಿಲ್ಲ’ ಎಂದು ಬರೆಯುತ್ತಾರೆ. ಅದಕ್ಕೇ ಈ ಸಲ ಬಿಡಿಸಿ ಹೇಳುತ್ತೇನೆ. ಕಡ್ಡಿ ಹಿಡಿಯುವುದು, ಹೊಲಿಗೆ ಹಾಕಿಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಅದು ಓದಿ ಬರುವ ವಿದ್ಯೆ ಅಲ್ಲ, ಒಬ್ಬರ ಕೈ ನೋಡಿ ಕಲಿಯಿರಿ.

ಪ್ರಶ್ನೆ: ಈ ಚಳಿಗೆ ಯಜಮಾನರಿಗೆ ಒಂದು ಸ್ವೆಟರ್ ಹೆಣೆಯುವ ಆಸೆ. ಅಭ್ಯಾಸಕ್ಕೆ ಅಂತ ಕಪ್ಪು ಉಲ್ಲನ್‌ನಲ್ಲಿ ಮಫ್ಲರ್ ಶುರುಮಾಡಿದೆ. 30 ಹೊಲಿಗೆ ಹಾಕಿಕೊಂಡಿದ್ದೆ, ಒಂದಡಿ ಬರುವಷ್ಟರಲ್ಲಿ 43 ಆಗಿದೆ. ಅಂಚು ಸೊಟ್ಟಗಾಗಿದೆ. ನಾನು ಯಾವುದರಿಂದ ಶುರುಮಾಡಬೇಕಿತ್ತು? (ವಿಜಯನಗರದಿಂದ ಒಬ್ಬ ಓದುಗರು)

ಉತ್ತರ: ಮಸಿಬಟ್ಟೆಯಿಂದ, ತಾಯಿ. ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ.

ಮಫ್ಲರ್‌ನಿಂದ ಶುರುಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಐದಡಿ ಉದ್ದ ಒಂದೇ ಥರ ಹೆಣೆಯಬೇಕು. ಎರಡಡಿಗೆ ಬೇಸರ ಬರುತ್ತದೆ, ಮೂರಡಿಗೆ ಅದು ಬೀರುವಿನ ಮೇಲೆ ಹೋಗುತ್ತದೆ. ಹೆಣೆದು ಮುಗಿಸಿದರೂ ಬೆಂಗಳೂರಿನಲ್ಲಿ ವರ್ಷಕ್ಕೆ ಎಷ್ಟು ದಿನ ಹಾಕಿಕೊಳ್ಳುತ್ತೀರಿ? ಮಸಿಬಟ್ಟೆ ಹಾಗಲ್ಲ. ನಾಲ್ಕೈದು ಸಂಜೆಯಲ್ಲಿ ಮುಗಿಯುತ್ತದೆ, ಮರುದಿನವೇ ಅಡುಗೆಮನೆಯಲ್ಲಿ ಕೆಲಸಕ್ಕೆ ಬರುತ್ತದೆ. ಕಲಿಯುವವರಿಗೆ ಮುಗಿಸಿದೆ ಅನ್ನುವ ಸಂತೋಷ ಬೇಗ ಸಿಗಬೇಕು.

ನೂಲು ಹತ್ತಿಯದೇ ಆಗಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಅಂಗಡಿಯಲ್ಲಿ ‘ಉಲ್ಲನ್’ ಅಂತ ಕೊಡುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಅದು ಬಿಸಿಗೆ ಕರಗುತ್ತದೆ. ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗಿಯೊಬ್ಬಳು ಅಕ್ರಿಲಿಕ್‌ನಲ್ಲಿ ಮಸಿಬಟ್ಟೆ ಮಾಡಿ ಕಾದ ಕಾವಲಿ ಹಿಡಿದಳು. ನೂಲು ಕರಗಿ ಬೆರಳಿಗೆ ಅಂಟಿಕೊಂಡಿತು. ಆ ಕಲೆ ಇನ್ನೂ ಇದೆ. ಲೇಬಲ್ ಮೇಲೆ ‘ಕಾಟನ್ 100%’ ಅಂತ ಇಲ್ಲದಿದ್ದರೆ ಅಡುಗೆಮನೆಗೆ ತರಬೇಡಿ.

ಬಣ್ಣ ತಿಳಿಯಾಗಿರಲಿ. ಹಳದಿ, ತಿಳಿನೀಲಿ, ಹಾಲುಬಿಳಿ, ಯಾವುದಾದರೂ ಸರಿ. ಕಪ್ಪು ನೂಲಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ಹೊಲಿಗೆ ಎಣಿಸುವುದು ನನಗೂ ಕಷ್ಟ. ಮೊದಲು ಆ ಕಪ್ಪು ಉಂಡೆಯನ್ನು ಎತ್ತಿಡಿ.

ಇನ್ನು ಕಡ್ಡಿಯ ನಂಬರು. ಅರ್ಧ ಗೊಂದಲ ಇಲ್ಲಿಂದಲೇ ಬರುತ್ತದೆ. ನಮ್ಮ ಅಂಗಡಿಗಳಲ್ಲಿ ಇನ್ನೂ ಹಳೇ ಬ್ರಿಟಿಷ್ ನಂಬರು ನಡೆಯುತ್ತದೆ. ಅದರಲ್ಲಿ ನಂಬರು ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ. ಅಮೆರಿಕದ ಲೆಕ್ಕ ಪೂರ್ತಿ ತಿರುಗುಮುರುಗು, ನಂಬರು ಜಾಸ್ತಿಯಾದರೆ ಕಡ್ಡಿ ದಪ್ಪ. ನಮ್ಮ 8ನೇ ನಂಬರು ಅಂದರೆ 4 ಮಿ.ಮೀ., ಅವರ 8 ಅಂದರೆ 5 ಮಿ.ಮೀ. ನಮ್ಮ 10 ಅಂದರೆ 3.25, ಅವರ 10 ಅಂದರೆ 6. ಅಮೆರಿಕದ ವಿಡಿಯೊ ನೋಡಿ, ಚಿಕ್ಕಪೇಟೆಯಲ್ಲಿ ‘10ನೇ ನಂಬರು ಕೊಡಿ’ ಅಂದರೆ ಏನಾಗುತ್ತದೆ ಗೊತ್ತಾಯಿತಲ್ವಾ? ಅದಕ್ಕೇ ಮಿಲಿಮೀಟರ್‌ನಲ್ಲೇ ಕೇಳಿ. ನಿಮಗೆ ಬೇಕಾದದ್ದು 4 ಮಿ.ಮೀ. ಬಿದಿರಿನದು ಸಿಕ್ಕರೆ ಒಳ್ಳೆಯದು. ಲೋಹದ ಕಡ್ಡಿಯಲ್ಲಿ ಹೊಲಿಗೆ ಜಾರುತ್ತದೆ, ಹೊಸ ಕೈಗೆ ಗಾಬರಿಯಾಗುತ್ತದೆ.

36 ಹೊಲಿಗೆ ಹಾಕಿಕೊಳ್ಳಿ. ಎಲ್ಲ ಸಾಲೂ ಬರೀ ಪ್ಲೇನ್ (ಸಾದಾ ಹೊಲಿಗೆ), ಪರ್ಲ್ (ಉಲ್ಟಾ ಹೊಲಿಗೆ) ಬೇಡ. ಪ್ರತಿ ಸಾಲು ಮುಗಿದ ಮೇಲೆ ಎಣಿಸಿ. ಹೌದು, ಪ್ರತಿ ಸಾಲು. 36 ಬರಲಿಲ್ಲವೋ, ಆ ಸಾಲನ್ನು ಅಲ್ಲೇ ಬಿಚ್ಚಿ. ನೀವು ಒಂದಡಿ ಹೆಣೆಯುವವರೆಗೂ ಎಣಿಸಿಲ್ಲ. 13 ಹೊಲಿಗೆ ಹೆಚ್ಚಾಗಿದ್ದು ಹಾಗೆ.

ಈ ಹೆಚ್ಚಿನ ಹೊಲಿಗೆ ಎಲ್ಲಿಂದ ಬರುತ್ತದೆ ಅಂತ ನೋಡಿ. ಸಾಲು ಮುಗಿಸಿ ಕಡ್ಡಿ ತಿರುಗಿಸಿದಾಗ ನೂಲು ಎಡಗೈ ಕಡ್ಡಿಯ ಮೊದಲ ಹೊಲಿಗೆಯಿಂದ ಕೆಳಕ್ಕೆ ಇಳಿದಿರಬೇಕು. ಹೊಸಬರು ಅದನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆಯುತ್ತಾರೆ. ಆಗ ಕೆಳಗಿನ ಸಾಲೂ ಮೇಲಕ್ಕೆ ಬಂದು, ಒಂದೇ ಹೊಲಿಗೆ ಎರಡು ಎಳೆಯಾಗಿ ಅಗಲವಾಗಿ ಕೂರುತ್ತದೆ. ಕಣ್ಣಿಗೆ ಎರಡು ಹೊಲಿಗೆಯ ಥರವೇ ಕಾಣುತ್ತದೆ. ಎರಡನ್ನೂ ಹೆಣೆದಿರಿ, ಒಂದು ಜಾಸ್ತಿಯಾಯಿತು. ನೂಲನ್ನು ಮೊದಲು ಮುಂದಕ್ಕೆ, ಕೆಳಕ್ಕೆ ಮೆಲ್ಲಗೆ ಎಳೆಯಿರಿ. ಆ ಎರಡು ಎಳೆ ಕುಗ್ಗಿ ಒಂದಾಗುವುದು ಕಾಣುತ್ತದೆ. ಆಮೇಲೆ ಕಡ್ಡಿಯ ಕೆಳಗಿಂದ ನೂಲನ್ನು ಹಿಂದಕ್ಕೆ ಒಯ್ಯಿರಿ. ನಿಮ್ಮ ಅಂಚು ಸೊಟ್ಟಗಾಗಿದೆ ಅಂದರೆ ಬಹುಪಾಲು ಇದೇ ತಪ್ಪು.

ನಡುವೆ ಅಲ್ಲಲ್ಲಿ ತೂತು ಇದ್ದರೆ ಕಾರಣ ಬೇರೆ. ನೂಲು ಮುಂದೆ ಉಳಿದಿದೆ, ಹಾಗೇ ಪ್ಲೇನ್ ಹೆಣೆದಿದ್ದೀರಿ. ಇನ್ನು ಕಡ್ಡಿಯ ತುದಿ ನೂಲಿನ ಎಳೆಗಳ ನಡುವೆ ತೂರಿದರೆ ಒಂದು ಹೊಲಿಗೆ ಸೀಳಿ ಎರಡಾಗುತ್ತದೆ. ಸಾಲಿನ ಮಧ್ಯೆ ಎದ್ದು ಹೋಗಿದ್ದರೆ, ಬಂದಾಗ ಉಂಡೆಯ ನೂಲು ಬಲಗೈ ಕಡ್ಡಿಯಿಂದ ಹೊರಟಿರಬೇಕು. ಎಡಗೈಯಿಂದ ಹೊರಟಿದ್ದರೆ ಕೆಲಸವನ್ನು ತಿರುಗಿಸಿ ಹಿಡಿದಿದ್ದೀರಿ. ಹಾಗೇ ಮುಂದುವರಿಸಿದರೆ ಒಂದು ಪಕ್ಕ ಉದ್ದವಾಗುತ್ತದೆ. ಕುಕ್ಕರ್ ಕೂಗಿದರೂ ಸಾಲು ಮುಗಿಸಿಯೇ ಏಳಿ.

ಪ್ಲೇನ್ ಹೆಣಿಗೆಯಲ್ಲಿ ಎರಡು ಸಾಲಿಗೆ ಒಂದು ಏಣು, ಅಂದರೆ ಉಬ್ಬಿದ ಅಡ್ಡಗೆರೆ, ಮೂಡುತ್ತದೆ. ಒಂದು ಏಣಿನ ಎತ್ತರ ಹೆಚ್ಚುಕಮ್ಮಿ ಒಂದು ಹೊಲಿಗೆಯ ಅಗಲಕ್ಕೆ ಸಮ. ಹಾಗಾಗಿ 36 ಹೊಲಿಗೆಗೆ 36 ಏಣು, ಅಂದರೆ 72 ಸಾಲು ಆದರೆ ಚೌಕ ಸಿದ್ಧ. ಮೂಲೆಯಿಂದ ಮೂಲೆಗೆ ಮಡಚಿ ನೋಡಿ, ಅಂಚುಗಳು ಕೂಡಿದರೆ ಸರಿ. ಇನ್ನೊಂದು ಚೌಕ ಹೆಣೆದು ಎರಡನ್ನೂ ಸೇರಿಸಿ ಹೊಲಿಯಿರಿ. ಒಂದೇ ಪದರ ಬಿಸಿ ತಡೆಯುವುದಿಲ್ಲ. ಒದ್ದೆ ಮಸಿಬಟ್ಟೆಯಂತೂ ಕೈ ಸುಡುತ್ತದೆ, ಒಣಗಿದ್ದನ್ನೇ ಹಿಡಿಯಿರಿ. ಅಂದಕ್ಕೆ ಅಂತ ಕುಚ್ಚು ಕಟ್ಟಬೇಡಿ, ಒಲೆಯ ಉರಿಗೆ ತಗಲುತ್ತದೆ.

ಇದಾದ ಮೇಲೆ ಮಗುವಿನ ಟೋಪಿ. ಕಟ್ಟುವ ದಾರ, ಗುಂಡಿ ಹಾಕಬೇಡಿ. ದಾರ ಕುತ್ತಿಗೆಗೆ ಸುತ್ತಿಕೊಳ್ಳಬಹುದು, ಗುಂಡಿ ಕಿತ್ತು ಬಾಯಿಗೆ ಹೋಗಬಹುದು.

ಸ್ವೆಟರ್ ಆಮೇಲೆ. ಅಳತೆಯ ತುಂಡು, ಅಂದರೆ ಅದೇ ನೂಲು, ಅದೇ ಕಡ್ಡಿಯಲ್ಲಿ ಹೊಲಿಗೆ ಎಣಿಸಿ ನೋಡಲು ಒಂದು ಚಿಕ್ಕ ಚೌಕ, ಹೆಣೆಯದೆ ಅದಕ್ಕೆ ಕೈ ಹಾಕಬೇಡಿ. 10 ಸೆಂ.ಮೀ.ಗೆ 22 ಹೊಲಿಗೆ ಬಂದರೆ 110 ಹೊಲಿಗೆಯ ಬೆನ್ನು 50 ಸೆಂ.ಮೀ. ಆಗುತ್ತದೆ. ನಿಮ್ಮ ಕೈ ಸ್ವಲ್ಪ ಸಡಿಲವಾಗಿ 20 ಹೊಲಿಗೆ ಬಂದರೆ ಅದೇ ಬೆನ್ನು 55 ಸೆಂ.ಮೀ. ಮುಂಭಾಗವೂ ಸೇರಿದರೆ ಸುತ್ತಳತೆ 10 ಸೆಂ.ಮೀ. ಜಾಸ್ತಿ. ಎರಡು ತಿಂಗಳು ಕೂತು ಹೆಣೆದದ್ದು ಯಜಮಾನರ ಮೈಮೇಲೆ ಜೋಲಾಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಈ ಚಳಿಗೆ ಮಸಿಬಟ್ಟೆ, ಟೋಪಿ ಸಾಕು. ಸ್ವೆಟರ್ ಮುಂದಿನ ಚಳಿಗೆ.

ಪ್ರಶ್ನೆ: ಮನೆಯಲ್ಲೇ ಹೆಣೆದು ಸಂಪಾದಿಸಿ, ನೂಲು ನಾವೇ ಕೊಡುತ್ತೇವೆ, ಮೊದಲು ಠೇವಣಿ ಕಟ್ಟಿ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಸೇರಬಹುದೇ?

ಉತ್ತರ: ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕೆಲಸ ಕೊಡುವವರು ಹಣ ಕೊಡಬೇಕು, ಕೇಳಬಾರದು.

ಪ್ರಶ್ನೆ: ಹೆಣಿಗೆ ಮಾಡಿದರೆ ಸಂಧಿವಾತ ವಾಸಿಯಾಗುತ್ತದಂತೆ. ತಾಮ್ರದ ಕಡ್ಡಿಯಾದರೆ ಇನ್ನೂ ಒಳ್ಳೆಯದಂತೆ, ನಿಜವೇ?

ಉತ್ತರ: ಸುಳ್ಳು. ತಾಮ್ರದ ಹೆಸರಲ್ಲಿ ಕಡ್ಡಿ ಮಾರುವವರನ್ನು ಕಂಡರೆ ನನಗೆ ಕೋಪ ಬರುತ್ತದೆ, ನೋವಿನಲ್ಲಿರುವವರ ದುಡ್ಡು ಅದು. ಹೆಣೆಯುತ್ತಾ ಕೂತರೆ ಮನಸ್ಸು ಹಗುರಾಗುತ್ತದೆ, ಅದು ನನ್ನ ಅನುಭವ. ಆದರೆ ಅದು ಔಷಧಿ ಅಲ್ಲ. ಗಂಟು ಊದಿಕೊಂಡಿದ್ದರೆ ಡಾಕ್ಟರ ಹತ್ತಿರ ಹೋಗಿ, ಅವರು ಸರಿ ಅಂದಮೇಲೆ ಕಡ್ಡಿ ಹಿಡಿಯಿರಿ. ಆರೋಗ್ಯವಾಗಿರುವವರೂ ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಕೈ ಬಿಡಿಸಿಕೊಳ್ಳಿ. ಹೆಬ್ಬೆರಳ ಬುಡ ನೋಯುತ್ತಿದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ ಅವತ್ತಿಗೆ ಸಾಕು.

ಪ್ರಶ್ನೆ: ಗ್ರಹಣದ ಹೊತ್ತಿನಲ್ಲಿ ಬಸುರಿ ಹೆಣೆಯಬಾರದೇ?

ಉತ್ತರ: ಹೆಣೆಯಬಹುದು. ಮಗುವಿಗೆ ಏನೂ ಆಗುವುದಿಲ್ಲ.

ಪ್ರಶ್ನೆ: ನಾನು ಎಡಚ. ಕನ್ನಡಿಯಲ್ಲಿ ನೋಡಿ ಕಲಿಯಬೇಕೇ?

ಉತ್ತರ: ಬೇಡ. ಹೆಣಿಗೆಗೆ ಎರಡೂ ಕೈ ಬೇಕು, ಎಲ್ಲರಂತೆಯೇ ಕಲಿಯಿರಿ.

ಪ್ರಶ್ನೆ: ನಮ್ಮ ಕಡೆಯ ಕಂಬಳಿ ಉಣ್ಣೆಯಲ್ಲೇ ಸ್ವೆಟರ್ ಹೆಣೆಯುವ ಆಸೆ. ಆಗುತ್ತದೆಯೇ?

ಉತ್ತರ: ಆಸೆ ಒಳ್ಳೆಯದೇ. ಆದರೆ ಕುರುಬರ ಕಂಬಳಿ ಮಗ್ಗದಲ್ಲಿ ನೇಯುವಂಥದ್ದು, ಹೆಣೆಯುವುದಲ್ಲ. ದಖ್ಖನಿ ಕುರಿಯ ಉಣ್ಣೆ ಒರಟು, ಕುತ್ತಿಗೆಗೆ ಚುಚ್ಚುತ್ತದೆ. ಆ ನೂಲು ಸಿಕ್ಕರೆ ಚೀಲ ಹೆಣೆಯಿರಿ, ಕೂರುವ ಆಸನ ಹೆಣೆಯಿರಿ, ವರ್ಷಗಟ್ಟಲೆ ಬಾಳುತ್ತದೆ.

ಪ್ರಶ್ನೆ: ಅಜ್ಜಿಯ ಹಳೆ ಸ್ವೆಟರ್ ಬಿಚ್ಚಿ ಅದೇ ನೂಲಿನಲ್ಲಿ ಕಲಿಯಬಹುದೇ?

ಉತ್ತರ: ಅಂಗಡಿಯದಾದರೆ ಮೊದಲು ಒಳಮಗ್ಗಲು ತಿರುಗಿಸಿ ಪಕ್ಕದ ಹೊಲಿಗೆ ನೋಡಿ. ಕತ್ತರಿಸಿ ಓವರ್‌ಲಾಕ್ ಮಾಡಿದ್ದರೆ ಬಿಚ್ಚಬೇಡಿ, ತುಂಡು ತುಂಡು ನೂಲು ಸಿಗುತ್ತದೆ ಅಷ್ಟೇ. ಕೈಯಲ್ಲಿ ಹೆಣೆದದ್ದಾದರೆ ಕೊನೆ ಸಾಲಿನಿಂದ ಬಿಚ್ಚುತ್ತಾ ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ದಾರ ಕಟ್ಟಿ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ನೇತುಹಾಕಿ. ಸುರುಳಿ ಬಿಡುತ್ತದೆ. ಆದರೆ ಬಿಚ್ಚುವ ಮುಂಚೆ ಅಜ್ಜಿ ಭುಜ ಹೇಗೆ ಕೂಡಿಸಿದ್ದಾರೆ, ಕತ್ತಿನ ಹತ್ತಿರ ಎಷ್ಟೆಷ್ಟು ಹೊಲಿಗೆ ಇಳಿಸಿದ್ದಾರೆ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಅದನ್ನು ಹೇಳಿಕೊಡುವವರು ಸಿಗುವುದಿಲ್ಲ.