ಹೆಂಡತಿಗೆ 22 ವಾರ, ಮಗುವಿಗೆ ಸ್ಪೈನಾ ಬೈಫಿಡಾ (ಬೆನ್ನುಹುರಿ ಮುಚ್ಚಿಕೊಳ್ಳದೆ ಉಳಿಯುವ ದೋಷ). ಕುರಿಗಳ ಮೇಲಿನ ಪ್ರಯೋಗ ನಂಬಿ ಗರ್ಭದಲ್ಲೇ ಆಪರೇಷನ್ ಮಾಡಿಸಬಹುದಾ?

ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಕೂತಿದ್ದೆ, ನ್ಯೂಜೆರ್ಸಿಯಲ್ಲಿ. ಮಗಳ ಬೆನ್ನುಹುರಿ ಸೊಂಟದ ಹತ್ತಿರ ತೆರೆದುಕೊಂಡಿದೆ ಅಂತ ಸ್ಕ್ಯಾನ್‌ನಲ್ಲಿ ಗೊತ್ತಾಗಿತ್ತು. ಹುಟ್ಟುವ ಮೊದಲೇ ಮುಚ್ಚಬಹುದು, ಫಿಲಡೆಲ್ಫಿಯಾದಲ್ಲಿ ವಿಚಾರಿಸಿ ಅಂದರು ಡಾಕ್ಟರ್. ಹೆಂಡತಿ ಹೊರಟೇ ಬಿಟ್ಟಳು. ನಾನು ಮಾತ್ರ, ಇಂಜಿನಿಯರ್ ಬುದ್ಧಿ ನೋಡಿ, ಮೊದಲು ಎಲ್ಲಾ ಓದುತ್ತೇನೆ ಅಂದೆ.

ಓದಿದ್ದು ಸರ್ಜನ್‌ಗಳಾದ ಮಾರ್ಟಿನ್ ಮೊಯ್ಲಿ, ಸ್ಕಾಟ್ ಆಡ್ಜಿಕ್ ಮತ್ತವರ ತಂಡ 1995ರಲ್ಲಿ ಪ್ರಕಟಿಸಿದ ಪ್ರಯೋಗ. ಕುರಿಯ ಗರ್ಭ ಸುಮಾರು 5 ತಿಂಗಳು. 75ನೇ ದಿನಕ್ಕೆ, ಚೆನ್ನಾಗಿಯೇ ಬೆಳೆಯುತ್ತಿದ್ದ ಮರಿಯ ಬೆನ್ನು ಕೊಯ್ದು ಬೆನ್ನುಹುರಿಯನ್ನು ಬಯಲಿಗಿಟ್ಟರು. 100ನೇ ದಿನ ಕೆಲವು ಮರಿಗಳಿಗೆ ಬೆನ್ನಿನ ಸ್ನಾಯು ಎಳೆದು ಮುಚ್ಚಿದರು. ಮುಚ್ಚದ ಮರಿಗಳಿಗೆ ಹಿಂಗಾಲಲ್ಲಿ ಶಕ್ತಿ ಇರಲಿಲ್ಲ, ಮಲಮೂತ್ರದ ಹಿಡಿತವೂ ಇರಲಿಲ್ಲ. ಮುಚ್ಚಿದ ಮರಿಗಳು ಎದ್ದು ನಡೆದವು.

ನಾನು ಎಡವಿದ್ದು ಇಲ್ಲೇ. ಇದು ಕೈಯಾರೆ ಮಾಡಿದ ಗಾಯ, ನನ್ನ ಮಗಳದು ಮೊದಲಿಂದಲೇ ಇರುವ ದೋಷ, ಎರಡಕ್ಕೂ ಏನು ಸಂಬಂಧ ಅಂತ ಪಕ್ಕಕ್ಕೆ ಸರಿಸಿದೆ. ಆದರೆ ಆ ಪ್ರಯೋಗದ ತಿರುಳೇ ಆ ಗಾಯ! ಸರಿಯಾಗಿ ಬೆಳೆದಿದ್ದ ನರಗಳು ಸುಮ್ನೆ ತೆರೆದುಕೊಂಡಿದ್ದಕ್ಕೇ ಹಾಳಾದವು. ಅಂದರೆ ಕಾಲಿನ ಬಲ ಪೂರ್ತಿ ಮೊದಲ ತಿಂಗಳಲ್ಲೇ ಹೋಗಿರುವುದಿಲ್ಲ. ಗರ್ಭದ ನೀರು ತಾಗಿ, ಗರ್ಭಕೋಶದ ಗೋಡೆಗೆ ಉಜ್ಜಿ, ಆಮೇಲೂ ಹೋಗುತ್ತಾ ಇರುತ್ತದೆ. ಬೇಗ ಮುಚ್ಚಿ ಅಂತ ಹೇಳುವ ಪೇಪರನ್ನೇ ಓದಿ ನಾನು ತಡ ಮಾಡಿದೆ. ಅದಾದ ಮೇಲೆ ಇಲಿ, ಮಂಗಗಳ ಮೇಲಿನ ಪ್ರಯೋಗ ಓದಿದೆ, ಇನ್ನೊಬ್ಬ ಡಾಕ್ಟರನ್ನು ಕೇಳಿದೆ. 26 ವಾರ ತುಂಬುವ ಮೊದಲೇ ಆಪರೇಷನ್ ಆಗಬೇಕು ಅಂತ ಮೊದಲೇ ಹೇಳಿದ್ದರು. ನಾನು ಒಪ್ಪಿ ಫೋನ್ ಮಾಡುವಷ್ಟರಲ್ಲಿ ಅದು ದಾಟಿತ್ತು.

ಮಗಳಿಗೆ ಹುಟ್ಟಿದ ಮೇಲೆ ಮುಚ್ಚಿದರು. ತಲೆಯಲ್ಲಿ ನೀರು ತುಂಬಿ ಶಂಟ್, ಅಂದರೆ ಆ ನೀರನ್ನು ಹೊರಕ್ಕೆ ಹರಿಸುವ ಕೊಳವೆ, ಹಾಕಬೇಕಾಯಿತು. ಈಗ ಕಾಲಿಗೆ ಬ್ರೇಸ್ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ, ಬಾಯಿ ಮಾತ್ರ ಭಾರಿ ಜೋರು. ಮೊದಲೇ ಮಾಡಿಸಿದ್ದರೆ ಓಡುತ್ತಿದ್ದಳು ಅಂತ ಗ್ಯಾರಂಟಿ ಏನಿಲ್ಲ.

ಬೇಜಾರಾಗಬೇಡಿ, ನಿಮ್ಮ ಪ್ರಶ್ನೆಯೇ ಹಳೆಯದು. ಈಗ ಕುರಿಯನ್ನು ನಂಬಬೇಕಾಗಿಲ್ಲ. ಅಮೆರಿಕದ ಮಾಮ್ಸ್ ಪ್ರಯೋಗ ಗರ್ಭಿಣಿಯರ ಮೇಲೇ ನಡೆದು, 2011ರಲ್ಲೇ ಫಲಿತಾಂಶ ಬಂದಿದೆ. ಒಂದು ವರ್ಷದೊಳಗೆ ಶಂಟ್ ಬೇಕಾದದ್ದು ಗರ್ಭದಲ್ಲೇ ಮುಚ್ಚಿದ ಮಕ್ಕಳಲ್ಲಿ ಶೇ. 40, ಹುಟ್ಟಿದ ಮೇಲೆ ಮುಚ್ಚಿದವರಲ್ಲಿ ಶೇ. 82. ಎರಡೂವರೆ ವರ್ಷಕ್ಕೆ ಆಸರೆಯಿಲ್ಲದೆ ನಡೆದವರು ಶೇ. 42 ಮತ್ತು ಶೇ. 21. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹಾಗೆ ನಡೆಯಲಿಲ್ಲ ಅನ್ನೋದನ್ನೂ ನೋಡಿ.

ನಾಳೆ ಬೆಳಿಗ್ಗೆಯೇ ಇದನ್ನು ಮಾಡುವ ಆಸ್ಪತ್ರೆಗೆ ಫೋನ್ ಮಾಡಿ. ಎಲ್ಲರಿಗೂ ಮಾಡುವುದಿಲ್ಲ, ಪರೀಕ್ಷೆಗಳಿಗೇ ಸಮಯ ಹಿಡಿಯುತ್ತದೆ. ಹೆರಿಗೆ ಬೇಗ ಆಗಬಹುದು, ಮುಂದಿನ ಹೆರಿಗೆಗಳೂ ಸಿಸೇರಿಯನ್ನೇ, ಗರ್ಭಕೋಶದ ಹೊಲಿಗೆ ಬಿಡುವ ಭಯವೂ ಇದೆ. ಇದನ್ನೆಲ್ಲಾ ನಿಮ್ಮ ಹೆಂಡತಿಯೇ ಕೇಳಲಿ. ಕೊಯ್ಯುವುದು ಅವರ ಹೊಟ್ಟೆಯನ್ನು ಅಲ್ವಾ? ನೀವು ಪಕ್ಕದಲ್ಲಿ ಕೂತು ಬರೆದುಕೊಳ್ಳಿ, ಸಾಕು.